ರಸ್ತೆ ಮಾಡಿದಿರಿ, ಅಂಚು ಯಾಕೆ ಬಿಟ್ಟಿರಿ?

ಇವತ್ತು ಸಂಜೆ ಕಂಡದ್ದು ಇನ್ನೂ ತಲೆಯಿಂದ ಹೋಗುತ್ತಿಲ್ಲ. ಉಡುಪಿಯಲ್ಲಿ ನಮ್ಮ ಮನೆ ಹತ್ತಿರ ಹೊಸ ಕಾಂಕ್ರೀಟ್ ರಸ್ತೆ ಆಯಿತಲ್ಲ, ಅಲ್ಲಿ ಶಾಲೆ ಮಗುವೊಂದು ಸೈಕಲಿನಲ್ಲಿ ಹೋಗುತ್ತಿತ್ತು. ಹಿಂದಿನಿಂದ ಬಸ್ಸಿನ ಹಾರ್ನ್. ಪಾಪ, ಬದಿಗೆ ಸರಿಯಿತು. ಕಾಂಕ್ರೀಟಿಗೂ ಕೆಳಗಿನ ಮಣ್ಣಿಗೂ ಒಂದು ಗೇಣು ಎತ್ತರದ ವ್ಯತ್ಯಾಸ ಉಂಟು. ಮುಂದಿನ ಚಕ್ರ ಜಾರಿತು, ಮಗು ಚರಂಡಿ ಬದಿಗೆ ಬಿತ್ತು. ಮೊಣಕೈ ತರಚಿತು, ಅಷ್ಟೇ. ಬಸ್ಸಿನ ಕಡೆಗೆ ಬಿದ್ದಿದ್ದರೆ?

ಸೈಕಲಿನವರು ಹೋಗುವುದೇ ಅಂಚಿನಲ್ಲಿ ಮಾರಾಯ್ರೆ. ನಡುರಸ್ತೆ ಕನ್ನಡಿ ಹಾಗೆ ಮಾಡಿ ಅಂಚನ್ನು ಹಾಗೇ ಬಿಟ್ಟರೆ ಅವರು ಎಲ್ಲಿ ಹೋಗಬೇಕು? ಬದಿಗೆ ಸುಮ್ನೆ ಮಣ್ಣು ಸುರಿದರೆ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಕೊಚ್ಚಿ ಹೋಗುತ್ತದೆ. ಜಲ್ಲಿ ಹಾಕಿ ಗಟ್ಟಿ ಮಾಡಬೇಕು. ಇನ್ನು ಚರಂಡಿಯ ಕಬ್ಬಿಣದ ಜಾಲರಿ ನೋಡಿ. ಸರಳುಗಳು ರಸ್ತೆಯ ಉದ್ದಕ್ಕೇ ಉಂಟು, ಸಂದು ಎರಡು ಬೆರಳಿಗಿಂತ ಜಾಸ್ತಿ. ಸೈಕಲ್ ಟಯರ್ ಸೀದಾ ಒಳಗೆ. ಸರಳು ಅಡ್ಡಕ್ಕೆ ಬರುವ ಹಾಗೆ ವೆಲ್ಡ್ ಮಾಡಿಸಿದ್ದರೆ ನೀರೂ ಇಳಿಯುತ್ತಿತ್ತು, ಚಕ್ರವೂ ದಾಟುತ್ತಿತ್ತು.

ಇದಕ್ಕೆ ನಿಯಮವೇ ಇಲ್ಲ ಅಂದುಕೊಳ್ಳಬೇಡಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಸೈಕಲ್ ಪಥಕ್ಕೆಂದೇ 1962ರಲ್ಲೇ ಐಆರ್‌ಸಿ 11 ಎಂಬ ಮಾರ್ಗಸೂಚಿ ತಂದಿತು, 2015ರಲ್ಲಿ ಪರಿಷ್ಕರಿಸಿತು. ಪಥಕ್ಕೆ ಕನಿಷ್ಠ 2 ಮೀಟರ್ ಅಗಲ ಬೇಕು, ಏರು ಎಷ್ಟಿರಬಹುದು ಅಂತೆಲ್ಲ ಅದರಲ್ಲಿ ಉಂಟು. ಎಲ್ಲ ಕಡೆ 2 ಮೀಟರ್ ಜಾಗ ಸಿಗಲಿಕ್ಕಿಲ್ಲ, ಒಪ್ಪುತ್ತೇನೆ. ಅಂಚು ಸಮ ಮಾಡಲಿಕ್ಕೂ ಜಾಗ ಬೇಕಾ?

"ನಮ್ಮದು ಗುಡ್ಡದ ಊರು, ಈ ಸೆಕೆಯಲ್ಲಿ, ಮಳೆಯಲ್ಲಿ ಯಾರು ಸೈಕಲ್ ತುಳೀತಾರೆ" ಅಂತ ಕೇಳುವವರು ಇದ್ದಾರೆ. ಮಣಿಪಾಲದ ಏರು ಕಷ್ಟ, ಹೌದು. ಮಲ್ಪೆ, ಪಡುಕರೆ, ಕಾಪು ಕಡೆ ಕಡಲ ಬದಿಯ ದಾರಿ ಏನು ಗುಡ್ಡವಾ? ಬೆಳಿಗ್ಗೆ ಪೇಪರ್ ಹಾಕುವ ಹುಡುಗರು, ಕಟ್ಟಡದ ಕೆಲಸಕ್ಕೆ ಹೋಗುವವರು, ಶಾಲೆ ಮಕ್ಕಳು, ಇವರೆಲ್ಲ ಲೆಕ್ಕಕ್ಕಿಲ್ವಾ? 2006-07ರಲ್ಲಿ ಸರ್ಕಾರವೇ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಸೈಕಲ್ ಕೊಟ್ಟ ಮೇಲೆ ದಾರಿಯನ್ನೂ ಕೊಡಬೇಕಲ್ವಾ?

ನನ್ನ ಮಗಳಿಗೂ ಸೈಕಲ್ ಉಂಟು. ಅಂಗಳದಾಚೆ ಬಿಡಲು ನನಗೆ ಧೈರ್ಯ ಇಲ್ಲ. ಅವಳು ದಿನಾ ಕೇಳುತ್ತಾಳೆ, ನಾನು ದಿನಾ ಬೇಡ ಅನ್ನುತ್ತೇನೆ. ಹೀಗೆ ಬೇಡ ಅನ್ನಬೇಕಾಗಿ ಬರುವುದಕ್ಕೇ ನನಗೆ ಇಷ್ಟು ಸಿಟ್ಟು.

ರಸ್ತೆಯ ಎಸ್ಟಿಮೇಟ್ ಮಾಡುವಾಗಲೇ ಅಂಚಿನ ಖರ್ಚನ್ನೂ ಸೇರಿಸಲಿ. ಬಿಲ್ ಪಾಸ್ ಮಾಡುವ ಮೊದಲು ಒಬ್ಬ ಇಂಜಿನಿಯರ್ ಆ ರಸ್ತೆಯಲ್ಲಿ ಸೈಕಲ್ ತುಳಿದು ನೋಡಲಿ. ಸೋಮವಾರ ಅರ್ಜಿ ಕೊಡುತ್ತಿದ್ದೇನೆ. ನಿಮ್ಮ ವಾರ್ಡಿನಲ್ಲೂ ಇಂಥ ಜಾಲರಿ, ಇಂಥ ಅಂಚು ಇದ್ದರೆ ಫೋಟೊ ತೆಗೆದು ಜಾಗದ ಹೆಸರು ಬರೆದು ಕಳಿಸಿ, ಒಟ್ಟಿಗೇ ಸೇರಿಸುತ್ತೇನೆ.