ಅಮ್ಮನಿಗೆ ಮಾತ್ರೆ ದುಬಾರಿಯಂತೆ

ನಲವತ್ತರ ಹತ್ತಿರ ಬಂದ ಮೇಲೆ ನನಗೆ ಅಮ್ಮ ಬಂತು. ಅದೇ, ಚಿಕನ್‌ಪಾಕ್ಸ್. ಹೊಟ್ಟೆ ಮೇಲೆ ಮೊದಲ ನಾಲ್ಕು ಗುಳ್ಳೆ ಕಂಡಿದ್ದು ಶುಕ್ರವಾರ ಬೆಳಿಗ್ಗೆ. ಮೈ ಬೆಣ್ಣೆದೋಸೆ ಕಾವಲಿಯಂತೆ ಸುಡುತ್ತಿತ್ತು.

ಡಾಕ್ಟರು ದೂರದಿಂದಲೇ ನೋಡಿ ಚೀಟಿ ಬರೆದರು. ಜ್ವರದ ಮಾತ್ರೆ, ತುರಿಕೆಗೆ ಲೋಷನ್, ಸರಿ. ಆಮೇಲೆ ಒಂದು ಆಂಟಿಬಯೋಟಿಕ್, ಗ್ಯಾಸಿಗೊಂದು, ಬಿ ಕಾಂಪ್ಲೆಕ್ಸ್, ಶಕ್ತಿಗೆ ಕೆಂಪು ಟಾನಿಕ್.

"ಸಾರ್, ವೈರಸ್ಸಿಗೇ ಮಾತ್ರೆ ಇದೆಯಂತಲ್ರೀ, ಅಸೈಕ್ಲೊವಿರ್?"

"ಇದೆ. ರೇಟು ಜಾಸ್ತಿ. ಸುಮ್ನೆ ಯಾಕೆ ದುಡ್ಡು ದಂಡ? ತಾನಾಗೇ ಒಣಗುತ್ತೆ."

ವೈರಸ್ಸಿನ ಮಾತ್ರೆ ಒಂದನ್ನು ಬಿಟ್ಟು ಎಲ್ಲವೂ ಇದ್ದ ಚೀಟಿ. ಕಳ್ಳ ಹೊಕ್ಕ ಮನೆಗೆ ಸುಣ್ಣ ಬಳಿದ ಹಾಗೆ! ಪೇಟೆಂಟ್ ಮುಗಿದು ಎಷ್ಟೋ ವರ್ಷವಾಗಿ ಹಲವಾರು ಕಂಪನಿಗಳು ಮಾಡುವ ಮಾತ್ರೆ ಇದು. 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್ ಅವರ ಲ್ಯಾಬಿನಿಂದ ಬಂದಿದ್ದು. ನಮ್ಮ ಚೀಟಿಯವರೆಗೆ ಮಾತ್ರ ಬರಲಿಲ್ಲ.

ಮಕ್ಕಳಿಗಾದರೆ ಡಾಕ್ಟರ ಮಾತು ಸರಿಯೇ. ಗಟ್ಟಿಮುಟ್ಟಾದ ಮಗು ಮಾತ್ರೆಯಿಲ್ಲದೇ ಎದ್ದು ಓಡುತ್ತದೆ. ದೊಡ್ಡವರಿಗೆ ಅಷ್ಟು ಸಲೀಸಲ್ಲ, ನ್ಯುಮೋನಿಯಾಕ್ಕೆ ತಿರುಗಬಹುದು, ಅದರಲ್ಲೂ ಬೀಡಿ ಸಿಗರೇಟು ಸೇದುವವರಿಗೆ, ಬಸುರಿಯರಿಗೆ. ದೊಡ್ಡವರಿಗೆ ಅಸೈಕ್ಲೊವಿರ್ ಲೆಕ್ಕ ಹೀಗೆ: 800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ, ಒಟ್ಟು 35 ಮಾತ್ರೆ. ಪವಾಡವೇನಲ್ಲ, ಕಾಯಿಲೆ ಸ್ವಲ್ಪ ಬೇಗ ಇಳಿಯುತ್ತದೆ ಅಷ್ಟೇ. ಆದರೆ ಗುಳ್ಳೆ ಕಂಡ 24 ತಾಸಿನೊಳಗೆ ಶುರು ಮಾಡಿದರೆ ಒಳ್ಳೆಯದು.

24 ತಾಸು! ನಮ್ಮ ಮನೆಯಲ್ಲಿ ಅಷ್ಟರೊಳಗೆ ಚರ್ಚೆಗೆ ಇನ್ನೂ ಚಾಪೆ ಹಾಸುತ್ತಿದ್ದರು. ದೊಡ್ಡಮ್ಮ ಹಾಸಿಗೆ ತುಂಬ ಬೇವಿನ ಸೊಪ್ಪು ಹರಡಿ, "ಶುಕ್ರವಾರವೇ ಬಂದಾಳೆ, ಮಾತ್ರೆ ಗೀತ್ರೆ ಅಂದ್ರೆ ದುಗ್ಗಮ್ಮ ಮುನಿಸ್ಕೋತಾಳೆ" ಅಂದರು. ಭಾವ ಮೂಗಿಗೆ ಕರ್ಚೀಫು ಕಟ್ಟಿಕೊಂಡು ನನ್ನ ಮಂಚದ ಪಕ್ಕವೇ ಕೂತು, ಮೆಡಿಕಲ್ ಶಾಪಿಗೆ ಫೋನ್ ಹಚ್ಚಿ ಚೌಕಾಸಿಗೆ ಇಳಿದರು: "35 ಯಾಕ್ರೀ? ಹತ್ತು ತಗೊಂಡ್ರೆ ಆಗಲ್ವಾ?" ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಇದೇ ಭಾವ ಸಾಲ ಮಾಡಿ, ಗುರುತಿಲ್ಲದವರನ್ನೂ ಕರೆದು ಬಾಡೂಟ ಬಡಿಸುತ್ತಾರೆ. ಆಗ ತಲೆಗೆಷ್ಟು ಬಿತ್ತು ಅಂತ ಕೇಳಿದವರಿಲ್ಲ.

ಮೂರನೇ ದಿನ ಮುಖದ ಮೇಲೆ ಕಣ್ಣು ಹುಡುಕಬೇಕಿತ್ತು. ಡಾಕ್ಟರಿಗೆ ಫೋನ್ ಮಾಡಿದರೆ, "ಈಗ ಆ ಮಾತ್ರೆ ಲೇಟಾಯ್ತಲ್ರೀ" ಅಂದರು. ಟಾನಿಕ್ ಇನ್ನೊಂದು ಬಾಟಲಿ ತಗೊಳ್ಳಿ ಅಂತಲೂ ಅಂದರು.

ಹಕ್ಕಳೆಯೆಲ್ಲ ಉದುರಿ ನಾನು ಹೊರಗೆ ಓಡಾಡತೊಡಗಿದ ಹೊತ್ತಿಗೆ, ಒಂದು ರಾತ್ರಿ ಹನ್ನೊಂದಕ್ಕೆ ಭಾವನ ಫೋನ್. ಕೆಮ್ಮುತ್ತಲೇ ಮಾತು. ದಿನಕ್ಕೊಂದು ಕಟ್ಟು ಬೀಡಿ ಅವರದು.

"ಕುತ್ತಿಗೆ ಮೇಲೆ ಎರಡು ಗುಳ್ಳೆ ಎದ್ದಾವೆ ಕಣೋ. ಆ ಮಾತ್ರೆ ಹೆಸರೇನು? ಜಲ್ದಿ ಹೇಳು. ಈಗ ಯಾವ ಅಂಗಡಿ ತೆಗೆದಿರುತ್ತೆ?"