ಸತ್ಯಾಂಶ: ಅಮೆರಿಕದ ಕೋರ್ಟಿನಲ್ಲಿ ಡಾರ್ವಿನ್ ಸೋತರೇ?

‘ಜೀವಿಗಳನ್ನು ಒಂದು ಬುದ್ಧಿಶಕ್ತಿ ವಿನ್ಯಾಸ ಮಾಡಿದೆ ಎಂದು ಅಮೆರಿಕದ ನ್ಯಾಯಾಲಯವೇ ಒಪ್ಪಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ನಡೆದದ್ದು ಇದರ ತದ್ವಿರುದ್ಧ.

2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲಾ ಮಂಡಳಿಯು, ಡಾರ್ವಿನ್ನರ ವಿಕಾಸವಾದದಲ್ಲಿ ಕೊರತೆಗಳಿವೆ, ಜೀವಿಗಳನ್ನು ಒಂದು ಬುದ್ಧಿಶಕ್ತಿ ವಿನ್ಯಾಸ ಮಾಡಿದೆ ಎನ್ನುವ ‘ಇಂಟೆಲಿಜೆಂಟ್ ಡಿಸೈನ್’ ಎಂಬ ಬೇರೆ ವಿವರಣೆಯೂ ಇದೆ ಎಂಬ ಹೇಳಿಕೆಯನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ಓದಿ ಹೇಳಬೇಕೆಂದು ನಿರ್ಧರಿಸಿತು. ವಿಜ್ಞಾನ ಶಿಕ್ಷಕರು ಅದನ್ನು ಓದಲು ಒಪ್ಪಲಿಲ್ಲ. ಆ ದಿಟ್ಟತನ ದೊಡ್ಡದು. 11 ಮಂದಿ ಪೋಷಕರು ಕೋರ್ಟಿಗೆ ಹೋದರು.

ವಿಚಾರಣೆಯಲ್ಲಿ ಎರಡು ಸಂಗತಿ ಬಯಲಾದವು. ಮಂಡಳಿ ಶಿಫಾರಸು ಮಾಡಿದ ಪುಸ್ತಕದ ಹಳೆಯ ಕರಡುಗಳಲ್ಲಿ ಇದ್ದದ್ದು ನೇರವಾಗಿ ‘ಸೃಷ್ಟಿ’ ಎಂಬ ಮಾತು. ಜೀವಿಗಳನ್ನು ದೇವರೇ ಸೃಷ್ಟಿಸಿದ ಎಂಬ ಧಾರ್ಮಿಕ ನಂಬಿಕೆಯಾದ ಸೃಷ್ಟಿವಾದವನ್ನು ಶಾಲೆಯಲ್ಲಿ ಕಡ್ಡಾಯ ಮಾಡುವಂತಿಲ್ಲ ಎಂದು 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಅದೇ ಜಾಗಗಳಲ್ಲಿ ‘ಡಿಸೈನ್’ ಬಂದು ಕೂತಿತ್ತು. ಇನ್ನೊಂದು, ಇಂಟೆಲಿಜೆಂಟ್ ಡಿಸೈನ್ ಪರ ಸಾಕ್ಷಿ ನುಡಿದ ಜೀವರಸಾಯನ ವಿಜ್ಞಾನಿ ಮೈಕಲ್ ಬೀಹಿ, ವೈಜ್ಞಾನಿಕ ಸಿದ್ಧಾಂತಕ್ಕೆ ತಾವು ಕೊಡುವ ವ್ಯಾಖ್ಯೆಯೊಳಗೆ ಜ್ಯೋತಿಷವೂ ಸೇರುತ್ತದೆ ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು.

ಇದು ಆಸ್ತಿಕರು–ನಾಸ್ತಿಕರ ಜಗಳವೂ ಆಗಿರಲಿಲ್ಲ. ಪೋಷಕರ ಪರ ಮೊದಲು ಸಾಕ್ಷಿ ಹೇಳಿದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕ್. ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದ್ದು ಸಂಪ್ರದಾಯವಾದಿ ಒಲವಿನ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್.

2005ರ ಡಿಸೆಂಬರ್ 20ರಂದು ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು: ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಮಂಡಳಿಯ ನೀತಿ ಸಂವಿಧಾನಬಾಹಿರ. ಅಷ್ಟರಲ್ಲಿ ಆ ನೀತಿಯ ಬೆಂಬಲಿಗರನ್ನು ಡೋವರ್‌ನ ಮತದಾರರೇ ಸೋಲಿಸಿದ್ದರು. ಹೊಸ ಮಂಡಳಿ ಮೇಲ್ಮನವಿ ಸಲ್ಲಿಸಲಿಲ್ಲ.