ಕಾರಿಗೆ ಟಿಕೆಟ್ ಎಷ್ಟು ಅಂತ ಕೇಳಿದ್ದೇ ತಪ್ಪಾಯ್ತಾ?

"ಗಾಡಿ? ಬೋಟೀವರ್?" ಕಾರು, ಅದೂ ದೋಣಿ ಮೇಲೆ, ಅಂತ ಮರಾಠಿಯಲ್ಲಿ.

ಇನ್ನೂ ಕಿವಿಯಲ್ಲೇ ಇದೆ. ರಾತ್ರಿ ಹನ್ನೊಂದೂವರೆ ಆಯ್ತು, ಮನೆಯವರೆಲ್ಲ ಗೊರಕೆ ಹೊಡೆಯುತ್ತಿದ್ದಾರೆ, ನನಗೆ ನಿದ್ದೆ ಇಲ್ಲ.

ಮುಂಬೈಯ ವರ್ಸೋವಾ ಜೆಟ್ಟಿಯಲ್ಲಿ ದೋಣಿ ಟಿಕೆಟ್ ಕೊಡುವವನು ಸುಮ್ನೆ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವನು ಮೊದಲು ನನ್ನ ಮುಖ ನೋಡಿದ. ಆಮೇಲೆ ನನ್ನ ಹಿಂದಿದ್ದ ಕಾರು ನೋಡಿದ. ಆಮೇಲೆ ಪಕ್ಕದವನನ್ನು ಕರೆದು ತೋರಿಸಿದ. ಅವನು ಇನ್ನೊಬ್ಬನನ್ನು ಕರೆದ. ಬೈಕು ಹತ್ತಿಸಲು ಸಾಲಲ್ಲಿ ನಿಂತಿದ್ದವರು, ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸರು, ಎಲ್ಲರಿಗೂ ಸುದ್ದಿ ಮುಟ್ಟಿತು. ಈ ಸಾಹೇಬರಿಗೆ ಆಚೆ ದಡದ ಮಢ್ ದ್ವೀಪಕ್ಕೆ ಕಾರು ದಾಟಿಸಬೇಕಂತೆ!

ಹೌದು ಸ್ವಾಮಿ, ದಾಟಿಸಬೇಕಿತ್ತು. ಸಿಗಂದೂರು ಲಾಂಚ್ ಕಾರೇನು, ಬಸ್ಸನ್ನೇ ಹೊತ್ತುಕೊಂಡು ಹೋಗುತ್ತಿತ್ತು. ಅದನ್ನು ನೋಡಿ ಬೆಳೆದವನು ನಾನು. ಇಲ್ಲಿ ಜನ ಮತ್ತು ಬೈಕು ಮಾತ್ರ ಅಂತ ನನಗೆ ಕನಸು ಬೀಳುತ್ತಾ? ಆಫೀಸಿನಲ್ಲಿ ಒಬ್ಬ ಮಹಾನುಭಾವ "ವರ್ಸೋವಾದಿಂದ ಐದೇ ನಿಮಿಷ, ದಾಟಿಬಿಡು" ಅಂದಿದ್ದ. ಅವನ ಹತ್ತಿರ ಇರುವುದು ಸ್ಕೂಟರ್ ಅನ್ನೋದು ನನಗೆ ರಿವರ್ಸ್ ತೆಗೆಯುವಾಗ ನೆನಪಾಯ್ತು.

ರಿವರ್ಸ್ ಕಥೆ ಬೇರೆಯೇ. ಆ ಗಲ್ಲಿಯಲ್ಲಿ ಕಾರು ತಿರುಗಿಸಲು ಜಾಗ ಇಲ್ಲ. ಭಾವ ಕೆಳಗಿಳಿದು, ಲುಂಗಿ ಎತ್ತಿ ಕಟ್ಟಿ, "ಬಾ, ಬಾ, ಬಾ, ಹೋಯ್ ನಿಲ್ಲು ಮಾರಾಯ" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಕನ್ನಡಿ ಯಾರದ್ದೋ ಬುಟ್ಟಿಗೆ ತಾಗಿತು. ಆ ಅಮ್ಮ ಬೈದದ್ದು ನನಗೆ ಪೂರ್ತಿ ಅರ್ಥವಾಯ್ತು, ಅದೇ ದುಃಖ. ಅಕ್ಕನ ಮಗಳು ಎಲ್ಲ ವಿಡಿಯೋ ಮಾಡಿದ್ದಾಳೆ. ಅದು ಈಗಾಗಲೇ ಕುಂದಾಪುರ ತಲುಪಿದೆ.

ಹೋಗಲಿ, ತಪ್ಪು ನನ್ನದೇ. ಆದರೆ ಗಲ್ಲಿಯ ಬಾಯಲ್ಲೇ ಒಂದು ಬೋರ್ಡ್ ಹಾಕಲು ಏನು ಕಷ್ಟ? ಯಾರಾದರೂ ಹೇಳಿ. ನಿಜವಾಗಿ ಕೇಳುತ್ತಿದ್ದೇನೆ.

ಆಮೇಲೆ ಇಪ್ಪತ್ತು ಕಿಲೋಮೀಟರ್ ಸುತ್ತು, ಮಲಾಡ್ ಮೇಲೆ, ಭಾನುವಾರ, ಮಾರ್ವೆ ರಸ್ತೆ. ಬಿಡಿ. ನಾನು "ದ್ವೀಪಕ್ಕೆ ಒಂದು ರೌಂಡ್, ಎಡಕ್ಕೆಲ್ಲ ಸಮುದ್ರ" ಅಂತ ಒಂದು ವಾರದಿಂದ ಕೊಚ್ಚಿಕೊಂಡಿದ್ದೆ. ರೌಂಡೂ ಇಲ್ಲ, ಮಣ್ಣೂ ಇಲ್ಲ. ಹೋದ ರಸ್ತೆಯಲ್ಲೇ ವಾಪಸ್ಸು. ಸಮುದ್ರ ಬಂಗಲೆಗಳ ಕಾಂಪೌಂಡ್ ಸಂದಿಯಲ್ಲಿ ಚೂರುಚೂರು. ಅಕ್ಸಾ ಬೀಚಿನಲ್ಲಿ ಮಗಳು ನೀರಿಗಿಳಿಯಲು ಹೊರಟಳು, ಅಲ್ಲಿ ಮುಳುಗಿದವರ ಸುದ್ದಿ ಪ್ರತಿ ಮಳೆಗಾಲ ಓದುವ ನಾನು ಬೇಡ ಅಂದೆ, ಅದಕ್ಕೂ ನಾನೇ ಕೆಟ್ಟವನಾದೆ. ಕೊನೆಗೆ ಪೋರ್ಚುಗೀಸರ ಕೋಟೆ ತೋರಿಸುತ್ತೇನೆ, 1739ರಲ್ಲಿ ಮರಾಠರು ಗೆದ್ದದ್ದು ಅಂತೆಲ್ಲ ಹೇಳುತ್ತಾ ಕರೆದುಕೊಂಡು ಹೋದರೆ ಅದು ವಾಯುಪಡೆಯ ವಶದಲ್ಲಿದೆ. ಒಳಗೆ ಬಿಡಲ್ಲ. ಕೋಟೆಯ ಕೆಳಗಿನ ಕರಿ ಬಂಡೆಗಳು ಮಾತ್ರ ಚೆನ್ನಾಗಿದ್ದವು, ಅಲೆ ಬಡಿಯುವ ಸದ್ದಿಗೆ ಎರಡು ನಿಮಿಷ ಎಲ್ಲ ಮರೆತೇ ಹೋಗಿತ್ತು. ಅಷ್ಟರಲ್ಲಿ ಭಾವ ಬಾಯಿ ಬಿಟ್ಟರು: "ಇದಕ್ಕಿಂತ ನಮ್ಮ ಮರವಂತೆ ಲಾಯ್ಕಲ್ವಾ? ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ಕಾರಿಂದ ಇಳಿಯೋದೂ ಬೇಡ."

ವರ್ಸೋವಾದಿಂದ ಇಲ್ಲಿಗೂ ಸೇತುವೆ ಬರುತ್ತದಂತೆ ಅಂದೆ. "ಸಿಗಂದೂರಿಗೇ 2025ರಲ್ಲಿ ಆಯ್ತಲ್ಲ ಮಾರಾಯ" ಅಂದರು. ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಕೊಡಿ.

ರಸ್ತೆ ಮುಗಿಯುವುದು ಎಲ್ಲಿ ಗೊತ್ತಾ? ಮಢ್ ಜೆಟ್ಟಿಯಲ್ಲಿ. ಎದುರಿಗೇ ವರ್ಸೋವಾ! ಬೆಳಿಗ್ಗೆ ನನ್ನ ಮಾನ ಹೋದ ಜಾಗ ಬರಿಗಣ್ಣಿಗೆ ಕಾಣುತ್ತಿತ್ತು. ದೋಣಿಯಲ್ಲಿ ಹೋಗಿ ಬರುತ್ತೇವೆ ಅಂತ ಮೂವರೂ ಹೊರಟರು. ಕಾರು ಕಾಯಲು ನಾನು.

ವಾಪಸ್ಸು ಬಂದ ಅಕ್ಕನ ಮಗಳು ನಗು ತಡೆಯಲಾರದೆ ಹೇಳಿದಳು, "ಮಾವ, ಆ ಟಿಕೆಟ್‌ನವನಿಗೆ ನಮ್ಮ ಗುರುತು ಸಿಕ್ಕಿತು. ಗಾಡೀವಾಲೇ ಕುಠೇ, ಕಾರಿನವರು ಎಲ್ಲಿ ಅಂತ ಕೇಳಿದ."